ದೇವರಿಗೆ ಹೆದರುವುದು ಅಂದರೇನು, ಅದನ್ನು ಕಲಿಯುವುದು ಹೇಗೆ

ಕಾಸರಗೋಡು ಕಡೆಯ ಚರ್ಚುಗಳಲ್ಲಿ ಧರ್ಮಶಿಕ್ಷಣ ತರಗತಿ ತೆಗೆದುಕೊಳ್ಳುವವರಿಗೆ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. ದೃಢೀಕರಣ ಅನ್ನುವ ಸಂಸ್ಕಾರಕ್ಕೆ ತಯಾರಾಗುವ ಮಕ್ಕಳು ಪವಿತ್ರಾತ್ಮರ ಏಳು ವರಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ. ಆರು ವರ ಸರಾಗ. ಏಳನೆಯದಾಗಿ ದೇವರ ಭಯ ಬಂದಾಗ ಯಾರಾದರೂ ಒಬ್ಬರು ಕೈ ಎತ್ತುತ್ತಾರೆ: "ಟೀಚರ್, ದೇವರು ನಮ್ಮ ಅಪ್ಪ ಅಂತ ನೀವೇ ಹೇಳಿದ್ದಲ್ವಾ? ಅಪ್ಪನಿಗೆ ಹೆದರುವುದು ವರ ಹೇಗಾಗುತ್ತದೆ?"

ದೊಡ್ಡವರಿಗೂ ಈ ಪ್ರಶ್ನೆ ಇದೆ, ಬಾಯಿ ಬಿಟ್ಟು ಕೇಳುವುದಿಲ್ಲ ಅಷ್ಟೇ. ಕೆಲವರು ಆ ಮಾತನ್ನೇ ಬಿಟ್ಟುಬಿಟ್ಟಿದ್ದಾರೆ, ಅದೆಲ್ಲ ಹಳೆ ಕಾಲದ ಪಾದ್ರಿಗಳ ಪ್ರಸಂಗ ಅಂತ. ಇನ್ನು ಕೆಲವರು ನರಕದ ಬೆಂಕಿಯಿಂದ ಮುಂದೆ ಹೋಗುವುದೇ ಇಲ್ಲ. ನನಗೆ ಎರಡೂ ಸರಿ ಕಾಣುವುದಿಲ್ಲ. ಬೈಬಲನ್ನು ಸ್ವಲ್ಪ ನಿಧಾನವಾಗಿ ಓದಿದರೆ ದೇವರ ಭಯ ತುಂಬ ಸ್ಪಷ್ಟವಾದ ಸಂಗತಿ: ಯಾವ ಮನುಷ್ಯನೂ ನಮ್ಮನ್ನು ಹಿಡಿಯಲಾರದ ಜಾಗದಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಅನ್ನುವುದು. ಮನಸ್ಸಿನಲ್ಲಿ ನಡುಕ ಬರಲಿ ಅಂತ ಕಾಯುತ್ತಾ ಕೂತರೆ ಅದು ಬರುವುದಿಲ್ಲ. ಮಾಡಿ ಮಾಡಿ ಕಲಿಯಬೇಕು.

ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರ, ಕುಂಬಳೆ ಕಡೆಯ ಕಥೊಲಿಕ ಮನೆಗಳನ್ನು ನೆನೆಸಿಕೊಂಡು ಇದನ್ನು ಬರೆಯುತ್ತಿದ್ದೇನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪ್ರೊಟೆಸ್ಟೆಂಟ್ ಪರಂಪರೆಯವರಿಗೂ ಇದರಲ್ಲಿ ಬೇರೆ ದಾರಿ ಏನಿಲ್ಲ. ಬೈಬಲ್ ಒಂದೇ, ತೋಟವೂ ಅಂಗಡಿಯೂ ಒಂದೇ ಊರಿನದ್ದು.

ಮೊದಲು ಈಗಿರುವ ಭಯವನ್ನು ನೋಡಿಕೊಳ್ಳಿ

ಬೈಬಲಿನಲ್ಲಿ ಮನುಷ್ಯ ದೇವರಿಗೆ ಮೊದಲ ಸಲ ಹೆದರುವುದು ಆದಿಕಾಂಡದ 3ನೇ ಅಧ್ಯಾಯದಲ್ಲಿ. ದೇವರು ಬೇಡ ಅಂದ ಹಣ್ಣು ತಿಂದಾಗಿದೆ. ದೇವರು ತೋಟದಲ್ಲಿ ನಡೆದಾಡುವ ಸಪ್ಪಳ ಕೇಳಿಸುತ್ತದೆ. ಆದಾಮ ಮರಗಳ ಎಡೆಯಲ್ಲಿ ಅಡಗುತ್ತಾನೆ. ಎಲ್ಲಿದ್ದೀ ಅಂತ ಕೇಳಿದಾಗ, ಹೆದರಿಕೆಯಾಯಿತು, ಅಡಗಿದೆ ಅನ್ನುತ್ತಾನೆ. ಈ ಭಯ ಅವನನ್ನು ತಪ್ಪು ಮಾಡದಂತೆ ತಡೆಯಲಿಲ್ಲ, ತಪ್ಪಾದ ಮೇಲೆ ದೇವರಿಂದ ದೂರ ಓಡಿಸಿತು, ಅಷ್ಟೇ.

ಇನ್ನೊಂದು ಭಯ ಸೀನಾಯಿ ಬೆಟ್ಟದ ಬುಡದಲ್ಲಿದೆ, ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ. ಗುಡುಗು, ಮಿಂಚು, ಬೆಟ್ಟದಿಂದ ಏಳುವ ಹೊಗೆ. ಜನ ನಡುಗಿ ದೂರ ನಿಂತು, ದೇವರು ನಮ್ಮ ಹತ್ತಿರ ನೇರವಾಗಿ ಮಾತಾಡುವುದು ಬೇಡ, ನೀನೇ ಮಾತಾಡು ಅಂತ ತಮ್ಮ ಮುಂದಾಳು ಮೋಶೆಯನ್ನು ಬೇಡಿಕೊಳ್ಳುತ್ತಾರೆ. ಆಗ ಮೋಶೆ ಹೇಳುವ ಮಾತು ನೋಡಿ: ಹೆದರಬೇಡಿ, ನೀವು ಪಾಪ ಮಾಡದ ಹಾಗೆ ದೇವರ ಭಯ ನಿಮ್ಮ ಕಣ್ಣ ಮುಂದೆ ಇರಬೇಕು ಅಂತಲೇ ಅವರು ಬಂದದ್ದು. ಒಂದೇ ವಚನದಲ್ಲಿ ಹೆದರಬೇಡಿ ಅಂತಲೂ ಇದೆ, ಭಯ ಇರಲಿ ಅಂತಲೂ ಇದೆ. ಹೇಳಿ ಮುಗಿಸಿ ಮೋಶೆ ಆ ಕಾರ್ಗತ್ತಲಿನ ಹತ್ತಿರವೇ ಹೋಗುತ್ತಾನೆ.

ಹಾಗಾಗಿ ನಿಮ್ಮಲ್ಲಿ ಯಾವ ಭಯ ಇದೆ ಅಂತ ತಿಳಿಯಲು ಒಂದು ಸುಲಭದ ದಾರಿ ಇದೆ. ಏನಾದರೂ ತಪ್ಪಾದ ಮೇಲೆ ನೀವು ಎಲ್ಲಿಗೆ ಹೋಗುತ್ತೀರಿ? ಅಣ್ಣನ ಜೊತೆ ಜಾಗದ ವಿಷಯಕ್ಕೆ ದೊಡ್ಡ ಜಗಳ ಆಯಿತು, ಬಾಯಿಗೆ ಬಂದದ್ದೆಲ್ಲ ಹೇಳಿಬಿಟ್ಟಿರಿ ಅಂತ ಇಟ್ಟುಕೊಳ್ಳಿ. ಮುಂದಿನ ಆದಿತ್ಯವಾರ ಬಲಿಪೂಜೆಗೆ ಹೋಗಲು ಮನಸ್ಸಾಗುವುದಿಲ್ಲ, ರಾತ್ರಿ ಮನೆಯಲ್ಲಿ ತೆರ್ಸಿಗೆ, ಅಂದರೆ ಜಪಮಾಲೆಗೆ ಕೂತರೂ ಬಾಯಿ ಮಾತ್ರ ಆಡುತ್ತದೆ, ಗುರುಗಳ ಹತ್ತಿರ ಪಾಪ ಹೇಳಿಕೊಳ್ಳುವ ಪಾಪನಿವೇದನೆಯ ಮಾತು ಯಾರಾದರೂ ಎತ್ತಿದರೆ ಎದ್ದು ಒಳಗೆ ಹೋಗುತ್ತೀರಿ. ಹಾಗಿದ್ದರೆ ನಿಮ್ಮಲ್ಲಿರುವುದು ಆದಾಮನ ಭಯ. ಅದನ್ನು ಗುರುತಿಸಿಕೊಂಡರೆ ಅರ್ಧ ಕೆಲಸ ಆಯಿತು.

ಸಂತ ಆಗಸ್ಟಿನ್ ಇದಕ್ಕೆ ಇಬ್ಬರು ಹೆಂಡತಿಯರ ಉದಾಹರಣೆ ಕೊಡುತ್ತಾರೆ. ಒಬ್ಬಳು ಬೇರೊಬ್ಬನ ಸಹವಾಸದಲ್ಲಿದ್ದಾಳೆ, ಗಂಡ ಎಲ್ಲಿ ಬಂದುಬಿಡುತ್ತಾನೋ ಅಂತ ಹೆದರುತ್ತಾಳೆ. ಇನ್ನೊಬ್ಬಳು ಗಂಡನನ್ನು ಪ್ರೀತಿಸುತ್ತಾಳೆ, ಅವನೆಲ್ಲಿ ಬಿಟ್ಟುಹೋಗುತ್ತಾನೋ ಅಂತ ಹೆದರುತ್ತಾಳೆ. ಕೇಳಿದರೆ ಇಬ್ಬರೂ ಹೆದರಿಕೆ ಅಂತಲೇ ಹೇಳುತ್ತಾರೆ. ಯೊವಾನ್ನರ ಮೊದಲ ಪತ್ರದಲ್ಲಿ (4:18) ಪರಿಪೂರ್ಣ ಪ್ರೀತಿ ಭಯವನ್ನು ಹೊರಗೆ ಹಾಕುತ್ತದೆ ಅಂತ ಇದೆಯಲ್ಲ, ಹೊರಗೆ ಹೋಗುವುದು ಮೊದಲನೆಯವಳ ಭಯ. ಎರಡನೆಯದು ಉಳಿಯುತ್ತದೆ.

ಆದರೆ ಒಂದು ಮಾತು ಇಲ್ಲಿ ಹೇಳಲೇಬೇಕು. ಶಿಕ್ಷೆಯ ಭಯವನ್ನು ಕೀಳು ಅಂತ ಎಸೆದುಬಿಡಬೇಡಿ. 13ನೇ ಶತಮಾನದ ದೇವಶಾಸ್ತ್ರಜ್ಞ ತೋಮಸ್ ಅಕ್ವಿನಾಸರು ಆಳಿನ ಭಯ, ಮಗನ ಭಯ ಅಂತ ಬೇರೆ ಬೇರೆ ಮಾಡಿ ತೋರಿಸಿದರೂ ಮೊದಲನೆಯದನ್ನು ಸುಳ್ಳು ಅನ್ನಲಿಲ್ಲ. 1545ರಿಂದ 1563ರವರೆಗೆ ನಡೆದ ಕಥೊಲಿಕ ಸಭೆಯ ಟ್ರೆಂಟ್ ಮಹಾಸಭೆಯೂ ನರಕದ ಭಯದಿಂದ ಹುಟ್ಟಿದ ಪಶ್ಚಾತ್ತಾಪ ಮನುಷ್ಯನನ್ನು ಪಾಪನಿವೇದನೆಯ ಕಡೆಗೆ ತರಬಹುದು ಅಂತ ಒಪ್ಪಿಕೊಂಡಿತು. ಶುರು ಮಾಡಲು ಅದು ಸಾಕು. ಅಲ್ಲೇ ಕೂತುಬಿಟ್ಟರೆ ಮಾತ್ರ ತೊಂದರೆ.

ಯಾಜಕಕಾಂಡ ತೆಗೆಯಿರಿ

ಯಾಜಕಕಾಂಡವನ್ನು ನಮ್ಮಲ್ಲಿ ಯಾರೂ ಸುಮ್ನೆ ಕೂತು ಓದುವುದಿಲ್ಲ. ಬಲಿ, ರಕ್ತ, ಕುಷ್ಠ, ಇಷ್ಟೇ ಇದೆ ಅಂದುಕೊಂಡು ಪುಟ ಮಗುಚುತ್ತೇವೆ. ಆದರೆ ದೇವರಿಗೆ ಹೆದರುವುದು ಹೇಗೆ ಅಂತ ಇಷ್ಟು ಕೆಲಸಕ್ಕೆ ಬರುವ ಹಾಗೆ ಹೇಳಿಕೊಡುವ ಪುಸ್ತಕ ಬೈಬಲಿನಲ್ಲಿ ಇನ್ನೊಂದಿಲ್ಲ ಅಂತ ನನಗನಿಸುತ್ತದೆ. 19ನೇ ಮತ್ತು 25ನೇ ಅಧ್ಯಾಯಗಳಲ್ಲಿ "ನಿನ್ನ ದೇವರಿಗೆ ಭಯಪಡು" ಅನ್ನುವ ಅರ್ಥದ ಮಾತು ಮತ್ತೆ ಮತ್ತೆ ಬರುತ್ತದೆ. ಯಾವ ಮಾತಿನ ಬೆನ್ನಿಗೆ ಬರುತ್ತದೆ ಅಂತ ಗಮನಿಸಿ. ಕಿವುಡನನ್ನು ಶಪಿಸಬೇಡ, ಕುರುಡನ ದಾರಿಯಲ್ಲಿ ಎಡವುವ ವಸ್ತು ಇಡಬೇಡ, ದೇವರಿಗೆ ಭಯಪಡು. ತಲೆ ನರೆತವರ ಮುಂದೆ ಎದ್ದು ನಿಲ್ಲು, ದೇವರಿಗೆ ಭಯಪಡು. ಜಾಗದ ವ್ಯಾಪಾರದಲ್ಲಿ ಮೋಸ ಮಾಡಬೇಡ, ಬಡವನಿಂದ ಬಡ್ಡಿ ಕೀಳಬೇಡ, ಆಳಿನ ಮೇಲೆ ದಬ್ಬಾಳಿಕೆ ಮಾಡಬೇಡ, ಇದರ ಬೆನ್ನಿಗೂ ಅದೇ.

ಕಿವುಡನಿಗೆ ಬೈದರೆ ಅವನಿಗೆ ಕೇಳಿಸುವುದಿಲ್ಲ. ಕುರುಡ ಎಡವಿ ಬಿದ್ದರೆ ಕಲ್ಲು ಇಟ್ಟವನು ಯಾರು ಅಂತ ಅವನಿಗೆ ಗೊತ್ತಾಗುವುದಿಲ್ಲ. ಸಾಕ್ಷಿ ಇಲ್ಲ, ದೂರು ಇಲ್ಲ, ಪೊಲೀಸರು ಬರುವುದಿಲ್ಲ. ಅಲ್ಲಿ ನಮ್ಮನ್ನು ತಡೆಯಲು ದೇವರೊಬ್ಬರನ್ನು ಬಿಟ್ಟರೆ ಯಾರೂ ಇಲ್ಲ. ಅದಕ್ಕೇ ದೇವರ ಭಯದ ಮಾತು ಸರಿಯಾಗಿ ಅಲ್ಲಿ ಬರುತ್ತದೆ.

ಈಗ ಇದನ್ನು ನಮ್ಮ ಊರಿಗೆ ತನ್ನಿ. ತೋಟದ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬಂಗಾಳದಿಂದ, ಒಡಿಶಾದಿಂದ, ಅಸ್ಸಾಮಿನಿಂದ ಹುಡುಗರು ಬಂದಿದ್ದಾರೆ. ಅವರಿಗೆ ಕನ್ನಡ ಬರುವುದಿಲ್ಲ, ತುಳು ಬರುವುದಿಲ್ಲ, ಮಲಯಾಳ ಅಷ್ಟಿಷ್ಟು. ಅಂಥ ಒಬ್ಬನ ಎದುರಿನಲ್ಲೇ ನಿಂತು ತುಳುವಿನಲ್ಲಿ ಅವನಿಗೆ ಏನೇನೋ ಹೇಳಿ ನಾಲ್ಕು ಜನ ನಗುತ್ತಾರೆ, ಅವನು ಏನೂ ತಿಳಿಯದೆ ತಾನೂ ನಗುತ್ತಾನೆ. ಕಿವುಡನನ್ನು ಶಪಿಸುವುದು ಅಂದರೆ ಇದೇ ಮಾರಾಯ್ರೆ. ಬೇರೆ ಅರ್ಥ ಹುಡುಕಬೇಕಾಗಿಲ್ಲ.

ಕುರುಡನ ದಾರಿಯ ಕಲ್ಲು ಕೂಡ ನಮ್ಮಲ್ಲಿದೆ. ಇಲ್ಲಿನ ಎಷ್ಟೋ ಹಿರಿಯರು ಕನ್ನಡ ಶಾಲೆಯಲ್ಲಿ ಕಲಿತವರು. ಮಲಯಾಳದಲ್ಲಿ ಬಂದ ನೋಟೀಸು ಅವರಿಗೆ ಓದಲು ಬರುವುದಿಲ್ಲ. ಸರಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರಕ್ಕೋ ವಿಲ್ಲೇಜ್ ಆಫೀಸಿಗೋ ಹೋಗುವಾಗ ಮಗನನ್ನೋ ಅಳಿಯನನ್ನೋ ಪಕ್ಕದ ಮನೆಯವನನ್ನೋ ಕರೆದುಕೊಂಡು ಹೋಗುತ್ತಾರೆ, ಅವನು ತೋರಿಸಿದ ಕಡೆ ಸಹಿ ಹಾಕುತ್ತಾರೆ. ಆ ಸಹಿ ಹಾಕಿಸುವವನು ನೀವಾಗಿದ್ದರೆ, ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿ. ಅವರಿಗೆ ಗೊತ್ತಾಗಬಾರದ ಸಾಲು ಇದ್ದರೆ ಅದನ್ನು ಎರಡು ಸಲ ಓದಿ. ದೇವರ ಭಯ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ.

ಅಡಿಕೆಯ ವಿಷಯ ಹೇಳದಿದ್ದರೆ ನಮ್ಮ ಕಡೆಯ ಬರಹ ಆಗುವುದಿಲ್ಲ. ಒಳ್ಳೆ ಚಾಲಿ ಅಡಿಕೆಯ ಗೋಣಿಯ ನಡುವೆ ಕಳಪೆ ಪಟೋರ ಸೇರಿಸುವುದು, ಸುಲಿಯುವವರ ಕಿಲೋ ಲೆಕ್ಕ ಬರೆಯುವಾಗ ಅರ್ಧ ಕಿಲೋ ಬಿಡುವುದು, ಕೊಟ್ಟ ಮುಂಗಡವನ್ನು ಎರಡು ಸಲ ಹಿಡಿಯುವುದು, ಇದೆಲ್ಲ ಎಲ್ಲರೂ ಮಾಡುವುದು ತಾನೇ ಅಂತ ನಡೆದುಹೋಗುತ್ತದೆ. ಜಾಗ ಮಾರುವಾಗ ಇನ್ನೂ ದೊಡ್ಡದು. ಯಾಜಕಕಾಂಡ 25ರಲ್ಲಿ ಜಾಗದ ಬೆಲೆಯನ್ನು ಮುಂದಿನ ಜೂಬಿಲಿ ವರ್ಷದವರೆಗೆ, ಅಂದರೆ ಜಾಗ ಮೊದಲಿನ ಮನೆಯವರಿಗೆ ವಾಪಸಾಗುವ ವರ್ಷದವರೆಗೆ, ಎಷ್ಟು ಬೆಳೆ ಸಿಗುತ್ತದೆ ಅಂತ ಎಣಿಸಿ ಹೇಳಬೇಕು, ಒಬ್ಬರನ್ನೊಬ್ಬರು ಮೋಸ ಮಾಡಬಾರದು ಅಂತ ಇದೆ. ಅಂದರೆ ಕೊಳ್ಳುವವನಿಗೆ ನಿಜವಾಗಿ ಸಿಗುವುದು ಏನು ಅಂತ ಮಾರುವವನು ಹೇಳಬೇಕು. ಬಾಯಾರು ಕಡೆಯಲ್ಲಿ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಲ್ಲಿ ಜನವರಿಯಲ್ಲಿ ನೀರು ಚೆನ್ನಾಗಿ ಬರುತ್ತಿರುತ್ತದೆ. ಏಪ್ರಿಲಿನಲ್ಲಿ ಬತ್ತುತ್ತದೆ ಅಂತ ಮಾರುವವನಿಗೆ ಗೊತ್ತು, ಕೊಳ್ಳಲು ಬಂದವನಿಗೆ ಗೊತ್ತಿಲ್ಲ. ಹೇಳಿಬಿಡಿ. ಸೆಂಟಿಗೆ ಸ್ವಲ್ಪ ಕಡಿಮೆ ಸಿಗುತ್ತದೆ, ಸಿಗಲಿ.

ಮಾಡುವ ಕ್ರಮ ಹೀಗಿರಲಿ. ಶನಿವಾರ ರಾತ್ರಿ ಯಾಜಕಕಾಂಡ 19ನ್ನು ಓದಿ, ಪೂರ್ತಿ ಬೇಡ, 9ರಿಂದ 18ರವರೆಗೆ ಸಾಕು. ಆಮೇಲೆ ಒಂದು ಕಾಗದದಲ್ಲಿ ನಿಮ್ಮ ಲೆಕ್ಕವನ್ನು ಪರೀಕ್ಷಿಸಿ ನೋಡಲು ಆಗದವರ ಹೆಸರು ಬರೆಯಿರಿ. ಮನೆಕೆಲಸಕ್ಕೆ ಬರುವ ಅಕ್ಕ ಇರಬಹುದು, ಹಾಸಿಗೆ ಹಿಡಿದ ಅತ್ತೆ ಇರಬಹುದು, ಗಲ್ಫಿನಲ್ಲಿದ್ದುಕೊಂಡು ಮನೆ ಕಟ್ಟಿಸಲು ನಿಮ್ಮ ಕೈಗೆ ದುಡ್ಡು ಕಳಿಸುವ ತಮ್ಮ ಇರಬಹುದು. ಮುಂದಿನ ವಾರ ಅವರಲ್ಲಿ ಒಬ್ಬರ ಜೊತೆ ಒಂದು ವಿಷಯ ಸರಿ ಮಾಡಿ. ಒಂದೇ ಸಾಕು. ಯಾರಿಗೂ ಹೇಳಲು ಹೋಗಬೇಡಿ.

ನಾಲಿಗೆ

34ನೇ ಕೀರ್ತನೆಯಲ್ಲಿ ಕೀರ್ತನಕಾರ ಮಕ್ಕಳನ್ನು ಕರೆದು ಕೂರಿಸಿಕೊಳ್ಳುತ್ತಾನೆ: ಬನ್ನಿ ಮಕ್ಕಳೇ, ದೇವರ ಭಯವನ್ನು ಕಲಿಸುತ್ತೇನೆ. ಏನು ಕಲಿಸುತ್ತಾನೆ ಅಂತ ನೋಡಿದರೆ ಮೊದಲ ಪಾಠವೇ ನಾಲಿಗೆಯದ್ದು. ಕೆಟ್ಟದ್ದನ್ನು ಆಡದಂತೆ ನಾಲಿಗೆಯನ್ನು ಕಾಯಿ, ತುಟಿಯಲ್ಲಿ ಮೋಸ ಬೇಡ. ಆಮೇಲೆ ಸಮಾಧಾನವನ್ನು ಹುಡುಕು, ಅದರ ಬೆನ್ನು ಹಿಡಿ.

ಇದಕ್ಕೆ ಜಾಸ್ತಿ ವಿವರಣೆ ಬೇಕಾಗಿಲ್ಲ. ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಯಾರದ್ದೋ ಮಗಳ ಬಗ್ಗೆ, ಯಾರದ್ದೋ ಸಾಲದ ಬಗ್ಗೆ ಬಂದದ್ದನ್ನು ಮುಂದೆ ಕಳಿಸಬೇಡಿ. ವಾರ್ಡಿನ ಮುಖಂಡರಾದ ಗುರಿಕಾರರ ಮೇಲೆ ದೂರು ಇದ್ದರೆ ಗುರಿಕಾರರ ಮನೆಗೇ ಹೋಗಿ. ಪೂಜೆ ಮುಗಿದು ಅಂಗಳದಲ್ಲಿ ನಿಂತಿರುವಾಗ ಅಲ್ಲಿ ಇಲ್ಲದವರ ಮಾತು ಬಂದರೆ ಅವರೂ ಕಿವುಡರೇ, ಕೇಳಿಸಿಕೊಳ್ಳಲು ಅವರಿಲ್ಲ.

ಕ್ಷಮೆಯಿಂದ ಬರುವ ಭಯ

130ನೇ ಕೀರ್ತನೆ ಓದುವಾಗ 4ನೇ ವಚನದಲ್ಲಿ ನಿಲ್ಲಿ. ನಿನ್ನಲ್ಲಿ ಕ್ಷಮೆ ಇದೆ, ಅದಕ್ಕೇ ಜನ ನಿನಗೆ ಭಯಪಡುತ್ತಾರೆ, ಅಂತ ಅರ್ಥ ಬರುವ ಮಾತು ಅಲ್ಲಿದೆ. ನಾವಾಗಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ನಿನ್ನಲ್ಲಿ ಶಿಕ್ಷೆ ಇದೆ, ಅದಕ್ಕೇ ಹೆದರುತ್ತೇವೆ ಅಂತ ಬರೆಯುತ್ತಿದ್ದೆವು.

ನಮ್ಮ ಜಿಲ್ಲೆಯಲ್ಲಿ ಭಯದ ಮಾತು ಬಂದರೆ ಕಾನತ್ತೂರು ನೆನಪಾಗದೆ ಇರುವುದಿಲ್ಲ. ಸಾಲ ಕೊಡದೆ ಸತಾಯಿಸುವವನಿಗೆ "ಕಾನತ್ತೂರಿಗೆ ಹೋಗುತ್ತೇನೆ" ಅಂದರೆ ಎಷ್ಟೋ ಸಲ ಮಾತು ಅಲ್ಲಿಗೇ ಮುಗಿಯುತ್ತದೆ, ಹಣ ಮನೆಗೆ ಬರುತ್ತದೆ. ಅಲ್ಲಿನ ನಾಲ್ವರ್ ದೈವಸ್ಥಾನದ ಮುಂದೆ ನಿಂತು ಸುಳ್ಳು ಹೇಳಲು ಜನರಿಗೆ ಧೈರ್ಯ ಬರುವುದಿಲ್ಲ. ನೆರೆಕರೆಯವರ ಈ ನಡವಳಿಕೆಯನ್ನು ಹಗುರ ಮಾಡಿ ಮಾತಾಡುವ ಕ್ರೈಸ್ತರಿದ್ದಾರೆ, ಅದು ನನಗೆ ಒಪ್ಪಿಗೆಯಾಗುವುದಿಲ್ಲ. ಅವರು ಸಾಲ ತೀರಿಸಿದರು. ತಿಂಗಳು ತಿಂಗಳು ಪಾಪನಿವೇದನೆ ಮಾಡುವ ನಾವು ತೀರಿಸಿದ್ದೇವಾ? ಈ ಪ್ರಶ್ನೆಯನ್ನು ಮೊದಲು ನಮಗೆ ಕೇಳಿಕೊಳ್ಳಬೇಕು.

ಆದರೆ ಯೇಸು ಸ್ವಾಮಿ ತೋರಿಸುವ ದಾರಿ ಬೇರೆ ಕಡೆಯಿಂದ ಬರುತ್ತದೆ. ಲೂಕರ 19ನೇ ಅಧ್ಯಾಯದ ಜಕ್ಕಾಯನನ್ನು ನೋಡಿ. ಜೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಮೋಸದಿಂದ ದುಡ್ಡು ಮಾಡಿದವನು ಅಂತ ಊರಿಗೆಲ್ಲ ಗೊತ್ತು. ಯೇಸುವನ್ನು ನೋಡಲು ಮರ ಹತ್ತಿ ಕೂತಿದ್ದ. ಯೇಸು ಅವನಿಗೆ ಒಂದು ಬೆದರಿಕೆಯ ಮಾತನ್ನೂ ಹೇಳಲಿಲ್ಲ. ಮರದಿಂದ ಇಳಿದು ಬಾ, ಇವತ್ತು ನಿನ್ನ ಮನೆಯಲ್ಲಿ ಉಳಿಯಬೇಕು ಅಂದರು. ಅಷ್ಟಕ್ಕೇ ಅವನು ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದರೆ ನಾಲ್ಕು ಪಟ್ಟು ವಾಪಸು ಅಂದ. ತನ್ನನ್ನು ದೂರ ತಳ್ಳದವರ ಮುಂದೆ ಮತ್ತೆ ಮೊದಲಿನ ಹಾಗೆ ಇರಲು ಅವನಿಗೆ ಆಗಲಿಲ್ಲ. ಕೀರ್ತನೆಯ ಭಯ ಅದು.

ಹಾಗಾಗಿ ಪಾಪನಿವೇದನೆಗೆ ಹೋಗುವಾಗ ಪಟ್ಟಿಯ ಜೊತೆ ಇನ್ನೊಂದು ತಯಾರಿ ಮಾಡಿಕೊಳ್ಳಿ. ಕ್ಷಮೆ ಸಿಕ್ಕಿದ ಮೇಲೆ ಯಾರ ಮನೆಗೆ ಹೋಗಬೇಕು, ಏನು ವಾಪಸು ಕೊಡಬೇಕು ಅಂತ ಮೊದಲೇ ಯೋಚಿಸಿ. ಗುರುಗಳು ಹೇಳಿದ ಪ್ರಾಯಶ್ಚಿತ್ತ ಮೂರು ನಮೋ ಮರಿಯ ಪ್ರಾರ್ಥನೆ ಇರಬಹುದು, ಅದನ್ನು ಚರ್ಚಿನಲ್ಲೇ ಮುಗಿಸಿ, ಆಮೇಲೆ ಆ ಮನೆಗೆ ಹೋಗಿ. ಪ್ರೊಟೆಸ್ಟೆಂಟ್ ಸಭೆಯವರಿಗೆ ಇನ್ನೊಂದು ನೆನಪು. 1529ರಲ್ಲಿ ಮಾರ್ಟಿನ್ ಲೂಥರ್ ಬರೆದ ಚಿಕ್ಕ ಪ್ರಶ್ನೋತ್ತರದಲ್ಲಿ ಹತ್ತು ಆಜ್ಞೆಗಳ ವಿವರಣೆಯ ಉದ್ದಕ್ಕೂ, ನಾವು ದೇವರಿಗೆ ಭಯಪಟ್ಟು ಅವರನ್ನು ಪ್ರೀತಿಸಬೇಕು ಅನ್ನುವ ಅರ್ಥದ ಮಾತು ಬರುತ್ತದೆ. ಕಳ್ಳತನ ಮಾಡಬೇಡ ಅನ್ನುವಲ್ಲಿ ಅವರು ನೆರೆಯವನ ಹಣ ಕದಿಯಬೇಡ ಅನ್ನುವುದರ ಜೊತೆಗೆ ಅವನ ಸಂಪಾದನೆ ಉಳಿಯಲು ಸಹಾಯ ಮಾಡು ಅಂತಲೂ ಸೇರಿಸುತ್ತಾರೆ. ಭಯವೂ ಪ್ರೀತಿಯೂ ಒಂದೇ ಉಸಿರಿನಲ್ಲಿ.

ಜನ ಏನು ಹೇಳುತ್ತಾರೆ ಅನ್ನುವ ಭಯ

ದೇವರ ಭಯ ಬೆಳೆದಿದೆಯಾ ಅಂತ ನೋಡಲು ಜನರ ಭಯ ಎಷ್ಟು ಇಳಿದಿದೆ ಅಂತ ನೋಡಿ. ಈಜಿಪ್ಟಿನಲ್ಲಿ ಶಿಫ್ರಾ, ಪೂವಾ ಅಂತ ಇಬ್ಬರು ಸೂಲಗಿತ್ತಿಯರಿದ್ದರು. ಹುಟ್ಟಿದ ಹಿಬ್ರಿಯ ಗಂಡು ಮಕ್ಕಳನ್ನು ಕೊಲ್ಲಬೇಕು ಅಂತ ಫರೋಹನ ಅಪ್ಪಣೆಯಾಯಿತು. ಅವರು ದೇವರಿಗೆ ಹೆದರುತ್ತಿದ್ದರು, ಹಾಗಾಗಿ ಕೊಲ್ಲಲಿಲ್ಲ. ಆ ಫರೋಹನ ಹೆಸರು ಬೈಬಲಿನಲ್ಲಿ ಇಲ್ಲ. ಈ ಇಬ್ಬರು ಹೆಂಗಸರ ಹೆಸರು ಇದೆ.

ನಮ್ಮ ಫರೋಹ ನೆಂಟರಿಷ್ಟರೇ ಆಗಿರುತ್ತಾರೆ. ಮಗಳ ಮದುವೆಗೆ ಹಿಂದಿನ ದಿನದ ರೋಸ್ ಶಾಸ್ತ್ರ, ಮರುದಿನ ಮದುವೆ ಹಾಲ್‌ನಲ್ಲಿ ಊಟ, ಬ್ಯಾಂಡು, ವೈನು, ಚಿನ್ನ. ತೋಟವನ್ನು ಅಡವಿಡುತ್ತಾರೆ. ಯಾಕೆ ಅಂದರೆ ಜನ ಏನು ಹೇಳುತ್ತಾರೆ. ಹತ್ತು ವರ್ಷ ಆ ಸಾಲ ತೀರಿಸುತ್ತಾ, ಆ ಸಿಟ್ಟನ್ನು ಹೆಂಡತಿ ಮಕ್ಕಳ ಮೇಲೆ ತೀರಿಸುತ್ತಾ ಇರುತ್ತಾರೆ. ಮತ್ತಾಯರ 10ನೇ ಅಧ್ಯಾಯದಲ್ಲಿ ಯೇಸು, ದೇಹವನ್ನು ಮಾತ್ರ ಕೊಲ್ಲಬಲ್ಲವರಿಗೆ ಹೆದರಬೇಡಿ, ದೇವರಿಗೆ ಹೆದರಿ ಅನ್ನುತ್ತಾರೆ. ಅದರ ಬೆನ್ನಿಗೇ ಗುಬ್ಬಿಯ ಮಾತು: ತಂದೆಯನ್ನು ಬಿಟ್ಟು ಒಂದು ಗುಬ್ಬಿಯೂ ನೆಲಕ್ಕೆ ಬೀಳುವುದಿಲ್ಲ, ನಿಮ್ಮ ತಲೆಕೂದಲು ಸಹ ಎಣಿಕೆಯಾಗಿದೆ, ಆದ್ದರಿಂದ ಹೆದರಬೇಡಿ. ಭಯದ ಮಾತು ಹೇಳಿ ಮುಗಿಸುವ ಮೊದಲೇ ಧೈರ್ಯ ಹೇಳಿ ಆಗಿದೆ.

ಇಲ್ಲಿ ಅಭ್ಯಾಸ ಅಂದರೆ ಮನೆಯ ಒಂದು ತೀರ್ಮಾನವನ್ನು ತೆಗೆದುಕೊಂಡು, ಅದರಲ್ಲಿ ಜನರಿಗಾಗಿ ಎಷ್ಟು, ದೇವರ ಮುಂದೆ ಸರಿ ಅಂತ ಎಷ್ಟು ಅಂತ ಗಂಡ ಹೆಂಡತಿ ಕೂತು ಮಾತಾಡುವುದು. ಮದುವೆಯೇ ಆಗಬೇಕು ಅಂತಿಲ್ಲ. ಮಕ್ಕಳನ್ನು ಯಾವ ಮೀಡಿಯಮ್ಮಿಗೆ ಸೇರಿಸುವುದು, ಅಜ್ಜಿಯನ್ನು ಯಾರು ನೋಡಿಕೊಳ್ಳುವುದು, ಎಲ್ಲದರಲ್ಲೂ ಈ ಎರಡು ಭಯ ಸೇರಿಕೊಂಡಿರುತ್ತವೆ.

ಪ್ರಾರ್ಥನೆಗೆ ಕೂತಾಗ

ಇಷ್ಟು ಹೇಳಿದೆ ಅಂತ ದೇವರ ಭಯ ಬರೀ ಲೆಕ್ಕಾಚಾರದ ವಿಷಯ ಅಂದುಕೊಳ್ಳಬೇಡಿ. ದೇವರು ಯಾರು ಅಂತ ಮರೆತರೆ ಮೇಲಿನದೆಲ್ಲ ಒಣ ಶಿಸ್ತಾಗುತ್ತದೆ. ನಾವು ಪ್ರಾರ್ಥನೆಯಲ್ಲಿ ಕೂತ ಕೂಡಲೇ ಬೇಡಿಕೆ ಶುರು ಮಾಡುತ್ತೇವೆ. ಅದಕ್ಕೆ ಮೊದಲು ಐದು ನಿಮಿಷ ಏನೂ ಕೇಳದೆ ಇರಿ. ಯೋಬನ 38ನೇ ಅಧ್ಯಾಯವನ್ನು ಗಟ್ಟಿಯಾಗಿ ಓದಿ, ಆದರೆ ಮಳೆಗಾಲದ ರಾತ್ರಿ, ಕರೆಂಟ್ ಹೋಗಿ ಗುಡುಗು ಬಡಿಯುವಾಗ ಓದಿ. ನಾನು ಭೂಮಿಗೆ ಅಸ್ತಿವಾರ ಹಾಕುವಾಗ ನೀನು ಎಲ್ಲಿದ್ದೆ, ಕಡಲಿಗೆ ಬಾಗಿಲು ಹಾಕಿದವರು ಯಾರು, ಅಂತ ದೇವರು ಯೋಬನನ್ನು ಕೇಳುತ್ತಾರೆ. ಉಪ್ಪಳ, ಮಂಜೇಶ್ವರದ ಕರಾವಳಿಯಲ್ಲಿ ಜೂನಿನ ಕಡಲು ನೋಡಿದವರಿಗೆ ಆ ಪ್ರಶ್ನೆ ಅರ್ಥವಾಗುತ್ತದೆ. ಓದಿ ಮುಗಿಸಿ ಸುಮ್ಮನಿರಿ. ಆಮೇಲೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅನ್ನಿ. ಆ ಯೋಬನ ದೇವರನ್ನೇ ತಂದೆ ಅಂತ ಕರೆಯುತ್ತಿದ್ದೇವೆ ಅನ್ನುವುದು ಆಗ ತಲೆಗೆ ಹೋಗುತ್ತದೆ.

ಇನ್ನೊಂದು ಒಳ್ಳೆ ಅಭ್ಯಾಸ ಕೈಯಲ್ಲಿ ಬರೆಯುವುದು. ಧರ್ಮೋಪದೇಶಕಾಂಡ 17ರಲ್ಲಿ ಅರಸನಾಗುವವನು ಧರ್ಮಶಾಸ್ತ್ರದ ಪ್ರತಿಯನ್ನು ತನಗಾಗಿ ಬರೆದಿಟ್ಟುಕೊಂಡು ಬದುಕಿರುವಷ್ಟು ದಿನ ಓದಬೇಕು, ಹಾಗೆ ದೇವರಿಗೆ ಹೆದರಲು ಕಲಿಯಬೇಕು, ಅಣ್ಣತಮ್ಮಂದಿರಿಗಿಂತ ತಾನು ದೊಡ್ಡವನು ಅಂತ ಅವನ ಮನಸ್ಸು ಉಬ್ಬಬಾರದು ಅಂತ ಇದೆ. ದಿನಕ್ಕೆ ನಾಲ್ಕು ವಚನ ನೋಟ್ ಪುಸ್ತಕದಲ್ಲಿ ಬರೆಯಿರಿ. 34, 103, 130ನೇ ಕೀರ್ತನೆಗಳಿಂದ ಶುರು ಮಾಡಬಹುದು. ಮಕ್ಕಳನ್ನೂ ಜೊತೆಗೆ ಕೂರಿಸಿ. ಶಾಲೆಯಲ್ಲಿ ಮಲಯಾಳ, ಇಂಗ್ಲಿಷ್ ಆಗಿ ಮನೆಯಲ್ಲಿ ಕೊಂಕಣಿ ಮಾತಾಡುವ ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರ ಕೈ ತಪ್ಪಿ ಹೋಗುತ್ತಿದೆ, ಹೀಗಾದರೂ ಅದು ಉಳಿಯಲಿ ಅನ್ನುವುದು ನನ್ನ ದೊಡ್ಡ ಆಸೆ.

ಮಕ್ಕಳ ಮಾತು ಬಂದದ್ದರಿಂದ ಹೇಳುತ್ತೇನೆ, ದೇವರನ್ನು ಗುಮ್ಮ ಮಾಡಬೇಡಿ. ಊಟ ಮಾಡದಿದ್ದರೆ ದೇವರು ಹೊಡೆಯುತ್ತಾರೆ, ಸುಳ್ಳು ಹೇಳಿದರೆ ಕಣ್ಣು ಹೋಗುತ್ತದೆ ಅಂತ ಹೇಳಿ ಬೆಳೆಸಿದರೆ ಅವರು ಆದಾಮನ ಭಯ ಕಲಿಯುತ್ತಾರೆ, ಕಾಲೇಜಿಗೆ ಮಂಗಳೂರು ಬಸ್ಸು ಹತ್ತಿದ ಮೇಲೆ ಅದೂ ಬಿಟ್ಟುಹೋಗುತ್ತದೆ. ಅಪ್ಪ ಅಂಗಡಿಯವನು ಜಾಸ್ತಿ ಕೊಟ್ಟ ಚಿಲ್ಲರೆಯನ್ನು ತಿರುಗಿ ಹೋಗಿ ಕೊಟ್ಟದ್ದು, ಅಮ್ಮ ಕೆಲಸದವಳ ಹತ್ತಿರ ತಪ್ಪಾಯಿತು ಅಂದದ್ದು, ಇದನ್ನು ಅವರು ನೋಡಲಿ. ಅದು ಬಿಟ್ಟುಹೋಗುವುದಿಲ್ಲ.

ಕಷ್ಟ ಬಂದ ಮನೆಗೆ ಹೋದಾಗ

ದೇವರ ಭಯವನ್ನು ಅತ್ಯಂತ ಕೆಟ್ಟದಾಗಿ ಬಳಸುವುದು ಇಲ್ಲಿ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಎಣ್ಮಕಜೆ, ಪಡ್ರೆ, ಸ್ವರ್ಗ ಕಡೆಯ ಮನೆಗಳಲ್ಲಿ ತಲೆ ದೊಡ್ಡದಾದ, ಕೈಕಾಲು ತಿರುಚಿದ, ಮಾತು ಬಾರದ ಮಕ್ಕಳು ಹುಟ್ಟಿದರು. ದೈವದ ಕೋಪ ಅಂತ ಹೇಳಿದವರಿದ್ದರು. ಯಾರ ಪಾಪವೋ ಅಂತ ಪಿಸುಗುಟ್ಟಿದವರೂ ಇದ್ದರು. ಊರಿನ ವೈದ್ಯರು, ಪತ್ರಕರ್ತರು, ತಾಯಂದಿರು ವರ್ಷಗಟ್ಟಲೆ ಹೋರಾಡಿದ ಮೇಲೆ 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಅಂತ ಆದೇಶಿಸಿತು.

ಯೊವಾನ್ನರ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟು ಕುರುಡನನ್ನು ತೋರಿಸಿ, ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಅಂತ ಕೇಳುತ್ತಾರೆ. ಇವನೂ ಅಲ್ಲ, ಇವನ ಹೆತ್ತವರೂ ಅಲ್ಲ ಅನ್ನುತ್ತಾರೆ ಯೇಸು. ಸಿಲೋವದ ಗೋಪುರ ಬಿದ್ದು ಸತ್ತ 18 ಜನ ಉಳಿದವರಿಗಿಂತ ದೊಡ್ಡ ಪಾಪಿಗಳಾ ಅಂತ ಲೂಕರ 13ರಲ್ಲಿ ಅವರೇ ಕೇಳಿ, ಅಲ್ಲ ಅನ್ನುತ್ತಾರೆ. ಹಾಗಾಗಿ ಯಾರ ಮನೆಯ ಕಷ್ಟವನ್ನೂ ದೇವರ ಶಿಕ್ಷೆ ಅಂತ ಕರೆಯುವ ಅಧಿಕಾರ ನಮಗಿಲ್ಲ. ಅಂಥ ಮನೆಗೆ ಪ್ರಾರ್ಥನೆ ಗುಂಪು ಕಟ್ಟಿಕೊಂಡು ಹೋದರೆ, ಪಶ್ಚಾತ್ತಾಪದ ಪ್ರಸಂಗ ಬೇಡ. ಮಗುವಿನ ಹತ್ತಿರ ಎರಡು ಗಂಟೆ ನೀವು ಕೂತು, ತಾಯಿಗೆ ಪೇಟೆಗೆ ಹೋಗಿ ಬರಲು ಬಿಡಿ. ಪೆನ್ಶನ್ನಿನ ಕಾಗದ ಬಾಕಿ ಇದ್ದರೆ ಅದನ್ನು ಓದಿ ಹೇಳಿ. ವಿಷ ಸುರಿದ ಬಗ್ಗೆ ಸಿಟ್ಟು ಬರಬೇಕಾದಲ್ಲಿ ಬರಲಿ. ದೇವರ ಭಯ ಅಂದರೆ ಕೆಟ್ಟದ್ದನ್ನು ದ್ವೇಷಿಸುವುದು ಅಂತ ಜ್ಞಾನೋಕ್ತಿ 8:13ರಲ್ಲೇ ಇದೆ.

ಭಯ ಮಿತಿ ಮೀರಿದರೆ

ಕೆಲವರಿಗೆ ಇದನ್ನೆಲ್ಲ ಓದಿ ಭಯ ಇನ್ನೂ ಜಾಸ್ತಿ ಆಗಬಹುದು, ಅವರಿಗಾಗಿ ಈ ಭಾಗ. ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳುವುದು, ಸರಿಯಾಗಿ ಹೇಳಿದೆನಾ ಅಂತ ನಿದ್ದೆಗೆಡುವುದು, ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿತು ಅಂತ ಮೊದಲಿನಿಂದ ಶುರು ಮಾಡುವುದು, ಪರಮಪ್ರಸಾದ ತೆಗೆದುಕೊಳ್ಳಲು ಕೈಕಾಲು ನಡುಗುವುದು. ಇದು ದೇವರ ಭಯದ ವರವಲ್ಲ, ಮನಸ್ಸಿನ ನೋವು. ದೊಡ್ಡ ಸಂತರಿಗೂ ಬಂದಿದೆ. ಇಗ್ನೇಷಿಯಸ್ ಲೊಯೋಲ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಹಳೆಯ ಪಾಪಗಳ ಸಂಶಯ ಅವರನ್ನು ಎಷ್ಟು ಕಾಡಿತು ಅಂದರೆ ಪ್ರಾಣ ಕಳೆದುಕೊಳ್ಳುವ ಯೋಚನೆ ಕೂಡ ಬಂತು. ಕೊನೆಗೆ ಅವರು, ಹಿಂದಿನ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಅಂತ ತೀರ್ಮಾನ ಮಾಡಿದರು. ಆಮೇಲೆ ಆ ಕಾಟ ಬಿಟ್ಟಿತು. ಸಂತ ಅಲ್ಫೋನ್ಸ್ ಲಿಗೋರಿಯವರಿಗೂ ಇದೇ ತೊಂದರೆ ಇತ್ತು. ಇಂಥವರು ತಮ್ಮ ಲೆಕ್ಕ ಬಿಟ್ಟು ನಿವೇದನೆ ಕೇಳುವ ಗುರುಗಳ ಮಾತನ್ನು ನಂಬಿ ನಡೆಯಬೇಕು ಅನ್ನುವುದು ಅವರ ಬುದ್ಧಿಮಾತು.

ನೀವೂ ಹಾಗೆ ಮಾಡಿ. ಒಬ್ಬರೇ ಗುರುಗಳನ್ನು ಹಿಡಿಯಿರಿ, ಇವತ್ತು ಒಬ್ಬರು ನಾಳೆ ಇನ್ನೊಬ್ಬರು ಅಂತ ಸುತ್ತಬೇಡಿ. ನನಗೆ ಹೀಗಾಗುತ್ತದೆ ಅಂತ ಮೊದಲೇ ಹೇಳಿ. ಹೇಳಿದ್ದು ಸಾಕು ಅಂತ ಅವರು ಅಂದರೆ ಸಾಕು, ಮನಸ್ಸು ಒಪ್ಪದಿದ್ದರೂ ಸಾಕು. ಮೇಲೆ ಹೇಳಿದ ಹೆಸರು ಬರೆಯುವ ಅಭ್ಯಾಸ ನಿಮಗೆ ಈಗ ಬೇಡ, ಯೋಬನ 38 ಕೂಡ ಬೇಡ. ತಂದೆ ಮಕ್ಕಳಿಗೆ ಮರುಗುವ ಹಾಗೆ ದೇವರು ಮರುಗುತ್ತಾರೆ ಅನ್ನುವ 103ನೇ ಕೀರ್ತನೆಯೊಂದನ್ನೇ ಇಟ್ಟುಕೊಳ್ಳಿ. ಒಂದೆರಡು ತಿಂಗಳಾದರೂ ನಿದ್ದೆ ಬಾರದೆ, ಊಟ ಸೇರದೆ ಇದ್ದರೆ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಮನೋವೈದ್ಯರನ್ನು ನೋಡಿ. ಸಾಯುವ ಯೋಚನೆ ಬಂದರೆ ಕಾಯಬೇಡಿ, ಅವತ್ತೇ ಮನೆಯವರಿಗೆ ಹೇಳಿ, ವೈದ್ಯರ ಹತ್ತಿರ ಹೋಗಿ. ಅವರು ಮಾತ್ರೆ ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಿ, ಅರ್ಧಕ್ಕೆ ಬಿಡಬೇಡಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಅಂತ ನಿಮ್ಮ ಗುರುಗಳಿಗೂ ತಿಳಿಸಿ.